ಮನೆಯ ಹಿಂದಿನ ಮಲೆನಾಡು



ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮಲ್ಲಿ ಅನೇಕರು ಆಗುಂಬೆಗೋ ಕುದುರೆಮುಖಕ್ಕೋ ಹೋಗಿ ಬರುತ್ತೀರಿ. ಮರಳಿ ಬಂದ ಮೇಲೆ, "ಆಂಟಿ, ಎಂಥ ಕಾಡು ಅಂತೀರಿ! ನಮ್ಮ ಮುಂಬಯಿಯಲ್ಲಿ ಅದೆಲ್ಲ ಎಲ್ಲಿ?" ಎಂದು ನಿಟ್ಟುಸಿರು ಬಿಡುತ್ತೀರಿ. ಬೇಸರಿಸದೆ ಹೇಳಿ, ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ನೀವು ಕೊನೆಯ ಸಲ ಹೋದದ್ದು ಯಾವಾಗ? ಶಾಲೆಯ ಪಿಕ್ನಿಕ್ಕಿನಲ್ಲಿ ತಾನೆ?

ನಾನೂ ಹಾಗೆಯೇ ಇದ್ದೆ. ಮದುವೆಯಾಗಿ ಈ ಊರಿಗೆ ಬಂದು ಎಷ್ಟೋ ವರ್ಷ, ಅದು ಊರಿಂದ ಬಂದ ನೆಂಟರಿಗೆ ತೋರಿಸುವ ಜಾಗ ಎಂದೇ ತಿಳಿದಿದ್ದೆ. ಆದರೆ ಅದು ಸುಮಾರು 104 ಚದರ ಕಿಲೋಮೀಟರ್ ಹರಡಿದ ನಿಜವಾದ ಕಾಡು. ಒಂದು ಕಡೆ ಮುಂಬಯಿ, ಇನ್ನೊಂದು ಕಡೆ ಠಾಣೆ; ನಡುವೆ ತೇಗ, ಬೂರುಗ, ಮುತ್ತುಗ ತುಂಬಿದ ಗುಡ್ಡಗಳು. ಶಿವರಾತ್ರಿಯ ಹೊತ್ತಿಗೆ ಮುತ್ತುಗ ಹೂ ಬಿಟ್ಟರೆ ಗುಡ್ಡಕ್ಕೆ ಕೆಂಡ ಚೆಲ್ಲಿದ ಹಾಗೆ ಕಾಣುತ್ತದೆ!

ಈ ಗುಡ್ಡಗಳ ನಡುವೆಯೇ ವಿಹಾರ್ ಮತ್ತು ತುಲಸಿ ಕೆರೆಗಳಿವೆ. 1860ರಲ್ಲಿ ವಿಹಾರ್, 1879ರಲ್ಲಿ ತುಲಸಿ ಸಿದ್ಧವಾದವು. ಇವತ್ತಿಗೂ ಅವುಗಳ ನೀರು ನಗರಕ್ಕೆ ಬರುತ್ತದೆ. ಮಳೆಯನ್ನು ಹಿಡಿದು ನಿಧಾನವಾಗಿ ಕೆರೆಗೆ ಬಿಡುವುದು ಈ ಕಾಡೇ. ಅದಕ್ಕೂ ಎಷ್ಟೋ ಶತಮಾನ ಮೊದಲು ಕಾನ್ಹೇರಿಯ ಬೌದ್ಧ ಭಿಕ್ಷುಗಳು ಕರಿಬಂಡೆಯಲ್ಲಿ ನೂರಕ್ಕೂ ಹೆಚ್ಚು ಗುಹೆ ಕೊರೆದರು. ಜೊತೆಗೆ ಮಳೆನೀರು ಹಿಡಿಯಲು ಕಾಲುವೆ, ತೊಟ್ಟಿಗಳನ್ನೂ ಕೊರೆದರು. ಮುಂದಿನ ಸಲ ಹೋದಾಗ ಅವನ್ನು ನಿಂತು ನೋಡಿ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬಿಲ್ಡಿಂಗಿನ ಹೆಂಗಸರು, ಮಕ್ಕಳೆಲ್ಲ ಸೇರಿ ಕಾನ್ಹೇರಿಗೆ ಹೋಗಿದ್ದೆವು. ಮಕ್ಕಳು ನಗಲಿ ಎಂದು ನಾನು ಒಂದು ಮಂಗಕ್ಕೆ ಚಪಾತಿ ಕೊಟ್ಟೆ. ಮರುಕ್ಷಣದಲ್ಲೇ ಇನ್ನೊಂದು ಹಾರಿ ಬಂದು ಪುಟ್ಟ ಹುಡುಗಿಯೊಬ್ಬಳ ಚೀಲ ಎಳೆಯಿತು. ಅವಳು ಬಿದ್ದು ಮೊಣಕಾಲು ತರಚಿಕೊಂಡು ಅತ್ತಳು. ಅಲ್ಲಿದ್ದ ಕಾವಲುಗಾರ ನನ್ನನ್ನು ಗದರಲಿಲ್ಲ. "ಮೌಶಿ, ನೀವು ಇವತ್ತು ಕೊಟ್ಟು ಹೋಗುತ್ತೀರಿ. ನಾಳೆ ಬರುವವರಿಂದ ಅದು ಕಸಿದುಕೊಳ್ಳುತ್ತದೆ" ಎಂದನಷ್ಟೆ. ಬಿ.ಎ. ಓದಿದವಳಿಗೆ ಹೊಳೆಯದ ಮಾತು ಅದು! ಪ್ರೀತಿಯಿಂದಲೇ ನಾನು ಮಂಗವನ್ನೂ ಕೆಡಿಸಿದ್ದೆ, ಮಗುವನ್ನೂ ಬೀಳಿಸಿದ್ದೆ.

ಕಾಡಿನಲ್ಲಿ ಎಲ್ಲವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿದೆ. ನಾವು ಅಂಚಿನಲ್ಲಿ ಕಸ ಎಸೆದರೆ ಬೀದಿನಾಯಿಗಳು ಬರುತ್ತವೆ. ನಾಯಿಗಳನ್ನು ಹುಡುಕಿಕೊಂಡು ಚಿರತೆ ಬರುತ್ತದೆ. 2015ರಲ್ಲಿ ಕ್ಯಾಮೆರಾ ಇಟ್ಟು ಎಣಿಸಿದಾಗ ಉದ್ಯಾನ ಮತ್ತು ಅದರ ಸುತ್ತಮುತ್ತ 35 ಚಿರತೆಗಳು ಕಂಡಿದ್ದವು. ಆಮೇಲೆ "ಚಿರತೆ ಊರಿಗೆ ನುಗ್ಗಿತು" ಎಂದು ದೂರಿದರೆ ತಪ್ಪು ಯಾರದು? ಬೇಸಿಗೆಯಲ್ಲಿ ಒಣ ಹುಲ್ಲಿಗೆ ಸಿಗರೇಟಿನ ಒಂದು ಕಿಡಿ ಸಾಕು. ಮಳೆಗಾಲದಲ್ಲಿ ತೊರೆ ನೋಡನೋಡುತ್ತಲೇ ಏರುತ್ತದೆ, ಇಳಿದು ಫೋಟೋ ತೆಗೆಯಲು ಹೋಗಬೇಡಿ. ಒಳಗಿನ ಪಾಡಾಗಳಲ್ಲಿ ವಾರ್ಲಿ ಆದಿವಾಸಿಗಳ ಮನೆಗಳಿವೆ. ಅಂಗಳಕ್ಕೆ ಕಾಲಿಡುವ ಮುನ್ನ ಕೇಳಿ.

ನಿಮ್ಮ ವಯಸ್ಸಿನವರಿಂದ ಏನಾಗುತ್ತದೆ ಎಂದಿರಾ? 2019ರ ಅಕ್ಟೋಬರಿನಲ್ಲಿ ಪಕ್ಕದ ಆರೆಯಲ್ಲಿ ಮೆಟ್ರೋ ಕಾರ್‌ಶೆಡ್‌ಗಾಗಿ ರಾತ್ರೋರಾತ್ರಿ ಮರ ಕಡಿಯತೊಡಗಿದಾಗ ತಡೆಯಲು ಓಡಿ ಬಂದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಕಾನೂನು ವಿದ್ಯಾರ್ಥಿಯೊಬ್ಬರ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು ಸುಪ್ರೀಂ ಕೋರ್ಟು ಕಡಿಯುವುದನ್ನು ನಿಲ್ಲಿಸಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದವು. ಕಾರ್‌ಶೆಡ್ ಕೊನೆಗೆ ಅಲ್ಲಿಯೇ ಆಯಿತು, ಆ ಮೆಟ್ರೋದಲ್ಲಿ ನಾನೂ ಹತ್ತುತ್ತೇನೆ. ಆದರೆ 2021ರಲ್ಲಿ ಆರೆಯ 800ಕ್ಕೂ ಹೆಚ್ಚು ಎಕರೆ ಜಾಗ ಕಾಡಾಗಿಯೇ ಉಳಿಯಲೆಂದು ಉದ್ಯಾನದ ವಶಕ್ಕೆ ಬಂತು. ಯಾರೂ ದನಿ ಎತ್ತದಿದ್ದರೆ ಅದಾದರೂ ಉಳಿಯುತ್ತಿತ್ತೇ?

ನೋಡದ ಕಾಡಿಗಾಗಿ ಯಾರೂ ಮರುಗುವುದಿಲ್ಲ. ಆದ್ದರಿಂದ ಮೊದಲು ಹೋಗಿ. ಸೋಮವಾರ ರಜೆ, ಉಳಿದ ದಿನ ಬೆಳಿಗ್ಗೆ ಬೇಗ ಹೊರಡಿ. ಮೊಬೈಲಿನ ಹಾಡು ನಿಲ್ಲಿಸಿ ಹಕ್ಕಿಗಳ ದನಿ ಕೇಳಿ. ಒಯ್ದ ಬಾಟಲಿ, ಚಿಪ್ಸಿನ ಚೀಟಿ ಎಲ್ಲವನ್ನೂ ಮನೆಗೆ ತನ್ನಿ. ಗೋರೆಗಾಂವಿನಲ್ಲಿ ಕಾಡಿನಂಚಿಗೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕೇಂದ್ರವಿದೆ. ಮರ, ಹಕ್ಕಿಗಳನ್ನು ಬಲ್ಲವರ ಜೊತೆ ಒಮ್ಮೆ ನಡೆದು ನೋಡಿ.

ಈ ಗುಡ್ಡಗಳಲ್ಲಿ ಕಾರ್ವಿ ಎಂಬ ಗಿಡವಿದೆ. ಎಂಟು ವರ್ಷಕ್ಕೊಮ್ಮೆ ಒಟ್ಟಿಗೆ ನೇರಳೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. 2016ರಲ್ಲಿ ಅರಳಿತ್ತು, 2024ರಲ್ಲಿ ಮತ್ತೆ ಅರಳಿತು. ಇನ್ನು 2032ಕ್ಕೆ. ಆಗ ನಿಮ್ಮಲ್ಲಿ ಕೆಲವರ ಕಂಕುಳಲ್ಲಿ ಮಕ್ಕಳಿರುತ್ತಾರೆ. ನಾನು ಕೋಲೂರಿಕೊಂಡಾದರೂ ಬರುತ್ತೇನೆ. ತೋರಿಸಲು ಗುಡ್ಡ ಉಳಿದಿರಬೇಕು, ಅಲ್ಲವೇ?

ಬರುವ ಭಾನುವಾರ ಹೊರಡೋಣವೇ? ಬುತ್ತಿಗೆ ಅವಲಕ್ಕಿ ನನ್ನದು. ಮಂಗಗಳಿಗೆ ಮಾತ್ರ ಇಲ್ಲ!