ನನ್ನ ಮೊದಲ ವೋಟು ಡಬ್ಬಿಗೆ ಬೀಳಲಿಲ್ಲ: ಟೆಂಡರ್ ವೋಟು ಅಂದ್ರೆ ಏನು?

ಚುನಾವಣೆ ಹತ್ತಿರ ಬಂತು ಅಂದ್ರೆ ನನ್ನ ವಾಟ್ಸಾಪಿಗೆ ಒಂದು ಮೆಸೇಜು ತಪ್ಪದೆ ಬರುತ್ತೆ. ಈ ಸಲ ಡೊಂಬಿವಲಿಯ ವೀಕ್ಷಕರೊಬ್ಬರು ಕಳಿಸಿ, "ಸರ್, ಇದು ನಿಜಾನಾ?" ಅಂತ ಕೇಳಿದ್ದಾರೆ. ಮೆಸೇಜಿನಲ್ಲಿ ಇರೋದು ಮೂರು ಮಾತು. ಪಟ್ಟಿಯಲ್ಲಿ ಹೆಸರಿಲ್ಲದಿದ್ರೆ ಆಧಾರ್ ತೋರಿಸಿ "ಚಾಲೆಂಜ್ ವೋಟು" ಹಾಕಬಹುದಂತೆ. ನಿಮ್ಮ ವೋಟನ್ನು ಬೇರೆ ಯಾರೋ ಹಾಕಿಬಿಟ್ಟಿದ್ರೆ "ಟೆಂಡರ್ ವೋಟು" ಕೇಳಬೇಕಂತೆ. ಒಂದು ಬೂತಿನಲ್ಲಿ ಟೆಂಡರ್ ವೋಟು ಶೇ. 14 ದಾಟಿದ್ರೆ ಮರುಮತದಾನವಂತೆ.

ಇದರಲ್ಲಿ ನಡುವಿನ ಮಾತು ಮಾತ್ರ ನಿಜ. ಅದು ನನಗೆ ಚೆನ್ನಾಗೇ ಗೊತ್ತು, ಯಾಕಂದ್ರೆ ನಾನು ಜೀವನದಲ್ಲಿ ಹಾಕಿದ ಮೊದಲ ವೋಟೇ ಟೆಂಡರ್ ವೋಟು.

ಅದು 1989ರ ಲೋಕಸಭಾ ಚುನಾವಣೆ. ಸಂವಿಧಾನದ 61ನೇ ತಿದ್ದುಪಡಿ ಆ ವರ್ಷ ಮಾರ್ಚ್ 28ರಂದು ಜಾರಿಗೆ ಬಂದು, ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ನನಗೆ ಆಗ 19. ಕುಂದಾಪುರದ ಕಡೆಯಿಂದ ಬಂದು ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ ಸೋದರಮಾವನ ಚಾಳಿನ ಖೋಲಿಯಲ್ಲಿದ್ದೆ. ಮಾವನಿಗೆ ಒಳಗೊಳಗೇ ಹೊಟ್ಟೆಕಿಚ್ಚು. "ನಂಗ್ ಇಪ್ಪತ್ತೊಂದ್ ತುಂಬುವರಿಗೂ ಕಾಯ್ಕಾಯ್ತ್, ನಿಂಗ್ ಬೇಗ ಸಿಕ್ತ್ ಕಾಣ್" ಅಂತಿದ್ದರು.

ಅವರ ಮೊದಲ ವೋಟಿನ ಕತೆ ನಮ್ಮ ಮನೇಲಿ ಪುರಾಣ ಇದ್ದ ಹಾಗೆ. 1967, ದಕ್ಷಿಣ ಮುಂಬಯಿ. ಒಂದು ಕಡೆ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲ್, ಕೇಂದ್ರ ಮಂತ್ರಿ, ಮುಂಬಯಿಯ ಕಿರೀಟವಿಲ್ಲದ ರಾಜ ಅಂತಲೇ ಹೆಸರು. ಇನ್ನೊಂದು ಕಡೆ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮುಂಬಯಿಗೆ ಬಂದ ಹೊಸದರಲ್ಲಿ ಚೌಪಾಟಿಯ ಬೆಂಚಿನ ಮೇಲೆ ಮಲಗಿ, ಆಮೇಲೆ ಟ್ಯಾಕ್ಸಿಯವರ, ಮುನ್ಸಿಪಾಲಿಟಿ ಕಾರ್ಮಿಕರ ಯೂನಿಯನ್ ಕಟ್ಟಿದ ಮನುಷ್ಯ. ಪಾಟೀಲರು ಸೋತರು. ಫೋರ್ಟಿನ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಮಾವನ ಪಾಲಿಗೆ ಅದು ತಾನೇ ಗೆದ್ದ ಚುನಾವಣೆ. ಇಂಥ ಕತೆ ಕೇಳಿ ಬೆಳೆದ ಹುಡುಗ ನಾನು, ಮತದಾನದ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿದ್ದೆ.

ಬೂತು ಇದ್ದದ್ದು ಒಂದು ಶಾಲೆಯಲ್ಲಿ. ಆಗಿನ್ನೂ ಮತದಾರರ ಗುರುತಿನ ಚೀಟಿ ಅನ್ನೋದು ಬಂದಿರಲಿಲ್ಲ, ಅದು ಶುರುವಾಗಿದ್ದು 1993ರಲ್ಲಿ. ಪಕ್ಷದವರು ಬರೆದುಕೊಟ್ಟ ಚೀಟಿ ಹಿಡಿದು ಒಳಗೆ ಹೋದೆ. ಮೊದಲ ಮೇಜಿನವರು ಪಟ್ಟಿಯ ಮೇಲೆ ಬೆರಳಾಡಿಸಿ, ತಲೆಯೆತ್ತದೆ ಹೇಳಿದರು: "ತುಮ್ಚಂ ಮತದಾನ ಝಾಲಂ." ನಿಮ್ಮ ವೋಟು ಆಗಿಹೋಗಿದೆ. ನನ್ನ ಹೆಸರಿನ ಮೇಲೆ ಆಗಲೇ ಗೆರೆ ಬಿದ್ದಿತ್ತು.

ಹಿಂದೆ ನಿಂತಿದ್ದ ಮಾವ ನನ್ನ ತೋಳು ಹಿಡಿದು, "ಬಾ, ಹೋಪ. ಪರವೂರಲ್ಲಿ ಗಲಾಟೆ ಬೇಡ" ಅಂದರು. ಇಪ್ಪತ್ತೆರಡು ವರ್ಷದ ಹಿಂದೆ ಪಾಟೀಲರನ್ನು ಸೋಲಿಸಿದ ಅದೇ ಮಾವ! ಅವರನ್ನು ಹೇಡಿ ಅಂತ ನಾನು ಅನ್ನಲ್ಲ. ನಡುವೆ ಈ ಊರು "ದಕ್ಷಿಣದವರು" ಅಂತ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ನೋಡಿತ್ತು.

ನಾನು ಕದಲಲಿಲ್ಲ. ಧೈರ್ಯದಿಂದಲ್ಲ, ಏನು ಮಾಡೋದು ಅಂತ ತೋಚದೆ. ಗೋಡೆ ಪಕ್ಕ ಕೂತಿದ್ದ ವಯಸ್ಸಾದ ಪೋಲಿಂಗ್ ಏಜೆಂಟರೊಬ್ಬರು, ಯಾವ ಪಕ್ಷದವರೋ, "ಸಾಹೇಬ್, ಹುಡುಗನ ಬೆರಳು ನೋಡಿ" ಅಂದರು. ಎಡಗೈ ತೋರುಬೆರಳಿನಲ್ಲಿ ಶಾಯಿ ಇರಲಿಲ್ಲ. ಪ್ರಿಸೈಡಿಂಗ್ ಆಫೀಸರ್ ಹತ್ತಿರ ಕರೆದು ಅಪ್ಪನ ಹೆಸರು, ಮನೆ ನಂಬರು, ಮನೇಲಿ ಇನ್ಯಾರ್ಯಾರ ಹೆಸರು ಪಟ್ಟಿಯಲ್ಲಿದೆ ಅಂತೆಲ್ಲ ಕೇಳಿದರು. ಬೇರೆ ಒಂದು ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡು, ಒಂದು ಮತಪತ್ರದ ಹಿಂದೆ ಏನೋ ಬರೆದು ಕೊಟ್ಟರು. ಮರೆಗೆ ಹೋಗಿ ಮುದ್ರೆ ಒತ್ತಿದೆ, ಮಡಚಿದೆ, ಡಬ್ಬಿಯ ಕಡೆ ನಡೆದೆ. "ಅಲ್ಲಿ ಅಲ್ಲ, ಇಲ್ಲಿ ಕೊಡು" ಅಂತ ಕೈ ಚಾಚಿದರು. ನನ್ನ ವೋಟು ಒಂದು ಲಕೋಟೆಯೊಳಗೆ ಹೋಯಿತು.

ಇದೇ ಟೆಂಡರ್ ವೋಟು. 1961ರ ಚುನಾವಣಾ ನಡವಳಿ ನಿಯಮಗಳಲ್ಲಿ 42ನೇ ನಿಯಮ. ಮತಯಂತ್ರ ಬಂದ ಮೇಲೆ 49-ಪಿ. ತಮಿಳಿನ "ಸರ್ಕಾರ್" ಸಿನಿಮಾದಲ್ಲಿ ವಿಜಯ್ ಹಿಡಕೊಂಡು ಓಡಾಡ್ತಾರಲ್ಲ, ಅದೇ. ಈಗಲೂ ನಿಮಗೆ ಯಂತ್ರದ ಗುಂಡಿ ಒತ್ತೋಕೆ ಬಿಡಲ್ಲ, ಕಾಗದದ ಮತಪತ್ರವನ್ನೇ ಕೊಡ್ತಾರೆ.

ಈಗ ಬೇಜಾರಿನ ವಿಷಯ. ಎಣಿಕೆಯ ದಿನ ಆ ಲಕೋಟೆಯನ್ನು ತೆರೆಯೋ ಹಾಗೇ ಇಲ್ಲ, ನಿಯಮವೇ ಹಾಗಿದೆ. ನನ್ನ ಹೆಸರಲ್ಲಿ ಯಾರೋ ಹಾಕಿದ ಕಳ್ಳ ವೋಟು ಎಣಿಕೆಯಾಯ್ತು, ನನ್ನದು ಆಗಲಿಲ್ಲ. ಹಾಗಾದ್ರೆ ಯಾಕೆ ಬೇಕು ಅಂತೀರಾ? ಸೋತವರು ಕೋರ್ಟಿಗೆ ಹೋದಾಗ ಬೇಕು. ಅಂತರ ತೀರಾ ಕಡಿಮೆ ಇದ್ದರೆ ಕಳ್ಳ ವೋಟನ್ನು ತೆಗೆದು ಅಸಲಿ ವೋಟನ್ನು ಲೆಕ್ಕಕ್ಕೆ ಹಿಡಿಯೋಕೆ ಆ ಲಕೋಟೆಯೇ ಸಾಕ್ಷಿ. ಅಷ್ಟು ಕಡಿಮೆ ಅಂತರ ಎಲ್ಲಿರುತ್ತೆ ಅನ್ನಬೇಡಿ. 2004ರಲ್ಲಿ ನಮ್ಮ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ವೋಟಿನಿಂದ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಸೋತದ್ದೂ ಒಂದೇ ವೋಟಿನಿಂದ, ಆಗ ಟೆಂಡರ್ ವೋಟುಗಳ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಮೆಸೇಜಿನ ಉಳಿದ ಎರಡು ಮಾತು ಬೇಗ ಮುಗಿಸ್ತೀನಿ. ಶೇ. 14ರ ನಿಯಮ ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ. ಚಾಲೆಂಜ್ ವೋಟು ಅನ್ನೋದು ನೀವು ಕೇಳುವಂಥದ್ದೇ ಅಲ್ಲ. "ಇವರು ಆ ಮನುಷ್ಯ ಅಲ್ಲ" ಅಂತ ಏಜೆಂಟರು 2 ರೂಪಾಯಿ ಠೇವಣಿ ಇಟ್ಟು ನಿಮ್ಮ ಮೇಲೆ ಎತ್ತುವ ಆಕ್ಷೇಪ ಅದು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಏನು ತೋರಿಸಿದರೂ ವೋಟು ಸಿಗಲ್ಲ.

ಅದಕ್ಕೇ ಮೊದಲ ಸಲ ವೋಟು ಹಾಕೋ ಮುಂಬಯಿ ಕನ್ನಡದ ಮಕ್ಕಳಿಗೆ ಒಂದು ಮಾತು. ಹೆಸರು ಹುಡುಕುವಾಗ ಮಹಾರಾಷ್ಟ್ರದ ಪದ್ಧತಿ ನೆನಪಿಡಿ: ಮೊದಲು ಅಡ್ಡಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ಅಪ್ಪನದು. ನಮ್ಮವರ ಇನಿಷಿಯಲ್ಲು, ಮನೆತನದ ಹೆಸರು ಇದರೊಳಗೆ ಹೊರಳಾಡಿ ಎಲ್ಲೆಲ್ಲೋ ಕೂತಿರುತ್ತೆ. ಸಿಗಲಿಲ್ಲ ಅಂದ್ರೆ 1950ಕ್ಕೆ ಫೋನ್ ಮಾಡಿ. ಬೂತಿಗೆ ಹೋದ ಮೇಲೆ "ಆಗಿಹೋಗಿದೆ" ಅಂದ್ರೆ ಜಗಳ ಬೇಡ, ವಾಪಸ್ಸು ಬರೋದೂ ಬೇಡ. ಪ್ರಿಸೈಡಿಂಗ್ ಆಫೀಸರ್ ಯಾರು ಅಂತ ಕೇಳಿ, ಖಾಲಿ ಬೆರಳು ತೋರಿಸಿ, "ಟೆಂಡರ್ಡ್ ವೋಟ್" ಅನ್ನಿ. ಮರಾಠಿಯಲ್ಲಾದ್ರೆ "ಪ್ರದತ್ತ ಮತ".

ಊರಿನಲ್ಲೂ ಹೆಸರಿದೆ, ಇಲ್ಲೂ ಇದೆ, ಏನು ಮಾಡೋದು ಅಂತ ಕೇಳಿದವರಿಗೆ ಮುಂದಿನ ವಿಡಿಯೋದಲ್ಲಿ ಉತ್ತರ ಹೇಳ್ತೀನಿ. ಬರ್ತೀನಿ, ನಮಸ್ಕಾರ.