ಘಟಪ್ರಭೆಯ ದಂಡೆಯ ಗಿರಣಿಯೂರು: ಗೋಕಾಕ ಫಾಲ್ಸ್

ಮುಂಬಯಿಯ ಬಟ್ಟೆ ಗಿರಣಿಗಳನ್ನು ಅರಸಿ ಕನ್ನಡ ನಾಡಿನ ಜನ ಈ ಮಹಾನಗರಕ್ಕೆ ಬಂದ ಕಥೆ ನಮಗೆಲ್ಲ ಪರಿಚಿತವೇ. ಆದರೆ ಮುಂಬಯಿಯ ಬಂಡವಾಳವೇ ಕನ್ನಡ ನಾಡಿನ ನದಿಯೊಂದನ್ನು ಅರಸಿ ಹೋಗಿ, ಅಲ್ಲೊಂದು ಗಿರಣಿಯೂರನ್ನು ಬೆಳೆಸಿದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ ಪಟ್ಟಣದಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಘಟಪ್ರಭಾ ನದಿಯು 52 ಮೀಟರ್ ಆಳಕ್ಕೆ ಧುಮುಕುವ ಕಡೆ ಇರುವ ಆ ಊರಿನ ಹೆಸರು ಗೋಕಾಕ ಫಾಲ್ಸ್. ಜಲಪಾತದ ಬಳಿಯ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯ ಬಹು ಪ್ರಾಚೀನವಾದರೂ, ಊರಿಗೆ ಅಂಟಿಕೊಂಡ ಹೆಸರು ಮಾತ್ರ ಇಂಗ್ಲಿಷಿನದು!

1885ರಲ್ಲಿ ಸ್ಥಾಪನೆಯಾದ ಕಂಪನಿಯ ಹೆಸರು ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ’. ನೀರು ಮೊದಲು, ನೂಲು ಆಮೇಲೆ. ಇದರ ಆಡಳಿತ ವಹಿಸಿದ್ದು, 1767ರಲ್ಲಿ ಮುಂಬಯಿಯಲ್ಲಿ ಬೇರೂರಿದ ಫೋರ್ಬ್ಸ್ ವ್ಯಾಪಾರಿ ಸಂಸ್ಥೆ. ಆಗ ಬೆಳಗಾವಿಯೂ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮುಂಬಯಿಯ ಗಿರಣಿಗಳು ದೂರದಿಂದ ತರಿಸಿದ ಕಲ್ಲಿದ್ದಲನ್ನು ಉರಿಸಬೇಕಾಗಿತ್ತು; ಇಲ್ಲಿ ನೀರು ತಾನಾಗಿಯೇ ಬೀಳುತ್ತಿತ್ತು, ಹತ್ತಿಯೂ ಸುತ್ತಲಿನ ಎರೆಭೂಮಿಯಲ್ಲಿಯೇ ಬೆಳೆಯುತ್ತಿತ್ತು. 1887ರಲ್ಲಿ ಗಿರಣಿ ಆರಂಭವಾಯಿತು.

ಭಾರತದ ಮೊದಲ ಜಲವಿದ್ಯುತ್ತು ಇಲ್ಲಿಯೇ ಹುಟ್ಟಿತೆಂದು ಅಭಿಮಾನದಿಂದ ಹೇಳುವುದುಂಟು. ಆದರೆ ಆರಂಭದಲ್ಲಿ ಯಂತ್ರಗಳನ್ನು ತಿರುಗಿಸಿದ್ದು ತಂತಿಯಲ್ಲಿ ಹರಿದ ವಿದ್ಯುತ್ತಲ್ಲ. ಕಮರಿಯ ಬುಡದಲ್ಲಿ ನೀರಿನಿಂದ ತಿರುಗುತ್ತಿದ್ದ ಟರ್ಬೈನುಗಳ ಶಕ್ತಿಯನ್ನು ಉದ್ದನೆಯ ಹಗ್ಗಗಳ ಮೂಲಕ ಮೇಲಿನ ಗಿರಣಿಗೆ ಸಾಗಿಸಲಾಗುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಇದೇ ಹೆಚ್ಚು ಸೋಜಿಗದ ಸಂಗತಿ.

ತೊಡಕಿದ್ದುದು ನದಿಯ ಸ್ವಭಾವದಲ್ಲಿ. ಸಹ್ಯಾದ್ರಿಯ ಮಳೆಯನ್ನೇ ನಂಬಿದ ಘಟಪ್ರಭೆ ಮಳೆಗಾಲದಲ್ಲಿ ಉಕ್ಕಿ ಹರಿದು, ಬೇಸಗೆಯಲ್ಲಿ ಬಡವಾಗುತ್ತದೆ. ಗಿರಣಿಗೋ ವರ್ಷವಿಡೀ ನೀರು ಬೇಕು. ಮೇಲ್ಭಾಗದ ಧೂಪದಾಳದಲ್ಲಿ 1897ರಲ್ಲಿ ಪೂರ್ಣಗೊಂಡ ಒಡ್ಡು, ಕಾಲುವೆಯ ಹೊಲಗಳಿಗೂ ಗಿರಣಿಗೂ ನೀರನ್ನು ಕಾದಿರಿಸಿತು. ಮುಂದೆ ಹಿಡಕಲ್ ಜಲಾಶಯವೂ ಬಂದಿತು. ಹೀಗೆ ಯಾವ ಜಲಪಾತಕ್ಕಾಗಿ ಕಂಪನಿ ಬಂದಿತೋ ಅದೇ ಈಗ ಬೇಸಗೆಯಲ್ಲಿ ಬರಿಯ ಬಂಡೆಯಾಗಿ ಕಾಣುತ್ತದೆ. ಪ್ರವಾಸಿಗರು ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೋಗುವುದು ಲೇಸು.

ನದಿಯ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯಿದೆ. ಬಂಡೆಯ ತಳದಿಂದ ಅದರ ಎತ್ತರ 14 ಮೀಟರ್. ಇಂದು ಜನ ಅದನ್ನು ಭಾವಚಿತ್ರಗಳಿಂದ ಬಲ್ಲರು. ಊರಿನವರಿಗೆ ಅದು ಎರಡು ದಂಡೆಗಳನ್ನು ಬೆಸೆದ ದಾರಿ. ಗಿರಣಿ ನಿಂತರೆ ಕೇರಿಗೆ ಕೇರಿಯೇ ಕೆಲಸ ಕಳೆದುಕೊಳ್ಳುವ, ನೆರೆ ಬಂದರೆ ಎಲ್ಲರ ಎದೆಯೂ ನಡುಗುವ ಊರಿದು. 2019ರ ಆಗಸ್ಟಿನಲ್ಲಿ ಇದೇ ಘಟಪ್ರಭೆ ಕೆಳಗಿನ ಗೋಕಾಕ ಪಟ್ಟಣದೊಳಕ್ಕೇ ನುಗ್ಗಿತ್ತು.

ಕಂಪನಿ ಕಾಲಾನುಕ್ರಮದಲ್ಲಿ ಗೋಕಾಕ ಮಿಲ್ಸ್ ಆಯಿತು, ಫೋರ್ಬ್ಸ್ ಗೋಕಾಕ ಆಯಿತು, ಬಳಿಕ ಗೋಕಾಕ ಟೆಕ್ಸ್‌ಟೈಲ್ಸ್ ಆಯಿತು. ಹೆಸರಿನ ಮೊದಲಿಗಿದ್ದ ನೀರು ಎಂದೋ ಬಿಟ್ಟುಹೋಗಿದೆ.