ಅರಬ್ಬೀ ವ್ಯಾಕರಣದ ಅಧ್ಯಯನ ಮತ್ತು ಕನ್ನಡ ಅನುವಾದ

ಕನ್ನಡದ ಅನ್ಯದೇಶ್ಯ ಪದಗಳನ್ನು ಕುರಿತ ಚರ್ಚೆಯಲ್ಲಿ 'ಅರಬ್ಬೀ-ಪಾರಸಿ' ಎಂಬ ಜೋಡಿಪದ ಬಹುಕಾಲದಿಂದ ರೂಢಿಯಲ್ಲಿದೆ. ಅರಬ್ಬೀ ಪದಗಳು ಬಹುಮಟ್ಟಿಗೆ ಪಾರಸಿಯ ಆಡಳಿತಭಾಷೆಯ ಮೂಲಕವೇ ಬಂದುದರಿಂದ ಹೀಗೆ ಕೂಡಿಸಿ ಹೇಳುವುದಕ್ಕೆ ಚಾರಿತ್ರಿಕ ಕಾರಣವಿದೆ. ಆದರೆ ಪಾರಸಿ ಇಂಡೋ-ಯುರೋಪಿಯನ್ ವರ್ಗದ ಭಾಷೆ, ಅರಬ್ಬೀ ಸೆಮಿಟಿಕ್ ವರ್ಗದ್ದು. 'ಅಮಲ್ದಾರ' ಎಂಬಲ್ಲಿ 'ಅಮಲ್' ಅರಬ್ಬೀ, 'ದಾರ್' ಪಾರಸಿ. ಈ ಬೆಸುಗೆಯನ್ನು ಬಿಡಿಸಿ ನೋಡಲು ಅರಬ್ಬೀ ವ್ಯಾಕರಣದ ಪರಿಚಯ ಅಗತ್ಯ. ಅದನ್ನು ಕನ್ನಡ ವಿಭಾಗಗಳು ತಮಗೆ ಹೊರಗಿನ ವಿಷಯವೆಂದು ಭಾವಿಸಿರುವುದು ಸರಿಯಲ್ಲ.

ಬೆಂಗಳೂರಿನ ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ದಿನವೂ ಕೇಳಿಬರುವ ಎರಡು ಪದಗಳನ್ನು ಗಮನಿಸಬಹುದು: ಹಮಾಲ, ದಲ್ಲಾಳಿ. ಅರಬ್ಬೀಯಲ್ಲಿ ಪದದ ಮೂಲಾರ್ಥ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಲ್ಲಿರುತ್ತದೆ. ಆ ವ್ಯಂಜನಗಳ ನಡುವೆ ಸ್ವರಗಳನ್ನು ಗೊತ್ತಾದ ಅಚ್ಚಿನಲ್ಲಿ ತುಂಬಿ ಪದವನ್ನು ಕಟ್ಟಲಾಗುತ್ತದೆ. ಹ-ಮ-ಲ ಎಂದರೆ ಹೊರು, ದ-ಲ-ಲ ಎಂದರೆ ತೋರು. ಎರಡನೆಯ ವ್ಯಂಜನಕ್ಕೆ ದ್ವಿತ್ವವನ್ನೂ ಅನಂತರ ದೀರ್ಘ ಆಕಾರವನ್ನೂ ಕೊಟ್ಟರೆ ಆ ಕೆಲಸವನ್ನೇ ವೃತ್ತಿಯಾಗಿ ಮಾಡುವವನೆಂಬ ಅರ್ಥ ಬರುತ್ತದೆ: ಹಮ್ಮಾಲ್, ದಲ್ಲಾಲ್. ಕನ್ನಡದ 'ದಲ್ಲಾಳಿ' ಈ ದ್ವಿತ್ವವನ್ನು ಉಳಿಸಿಕೊಂಡಿದೆ, 'ಹಮಾಲ' ಕಳೆದುಕೊಂಡಿದೆ. ಚಿನ್ನ-ಬೆಳ್ಳಿಯ 'ಸರಾಫ'ನೂ ಇದೇ ಅಚ್ಚಿನವನು. ಅವನ ಧಾತುವಾದ ಸ-ರ-ಫದಿಂದಲೇ ಪದರಚನಾಶಾಸ್ತ್ರಕ್ಕೆ ಅರಬ್ಬರು ಇಟ್ಟ ಹೆಸರು, 'ಸರ್ಫ್', ಹುಟ್ಟಿದೆ. ನಾಣ್ಯವನ್ನು ಪರಿವರ್ತಿಸುವವನಿಗೂ ಪದರೂಪವನ್ನು ಪರಿವರ್ತಿಸುವ ಶಾಸ್ತ್ರಕ್ಕೂ ಧಾತು ಒಂದೇ.

ಅರಬ್ಬೀ ವ್ಯಾಕರಣದ ಪರಿಭಾಷೆಯಲ್ಲಿ ಗಣನೀಯ ಭಾಗ ಕನ್ನಡದ ಕಚೇರಿ ಭಾಷೆಯಲ್ಲಿ ಆಗಲೇ ಇದೆಯೆಂಬುದು ಇನ್ನೂ ಕುತೂಹಲಕರ. ವ್ಯಾಕರಣದ ಭೂತಕಾಲ ನಮ್ಮ 'ಮಾಜಿ'. ಬಹುವಚನವನ್ನು ಸೂಚಿಸುವ ಪದ ಜಮಾಬಂದಿಯ 'ಜಮಾ'. ನಾಮಪದಕ್ಕೆ 'ಇಸ್ಮ್' ಎಂದು ಹೆಸರು. ಅದರ ಬಹುವಚನ ರೂಪಗಳಲ್ಲೊಂದು ಕನ್ನಡದಲ್ಲಿ 'ಆಸಾಮಿ'ಯಾಗಿದೆ. ಕರ್ತೃ ಕ್ರಿಯೆಯ ವೇಳೆ ಇದ್ದ ಸ್ಥಿತಿಯನ್ನು ಹೇಳುವ ಪದ 'ಹಾಲ್', 'ಹಾಲಿ'ಯ ಮೂಲ. ನಿಯಮವೆಂಬರ್ಥದ 'ಕಾಯಿದಾ' ಕಾಯಿದೆಯಾಗಿದೆ. ಭಾಷಾಂತರಕ್ಕೆ ನಾವು ಹೇಳುವ 'ತರ್ಜುಮೆ'ಯೂ ಅರಬ್ಬೀಯದೇ.

ಇವುಗಳಲ್ಲಿ 'ಮಾಮೂಲು' ವಿಶೇಷ ಗಮನಕ್ಕೆ ಅರ್ಹ. ವಾಕ್ಯಶಾಸ್ತ್ರವಾದ 'ನಹ್ವ್' ನಿಂತಿರುವುದು, ಒಂದು ಪದ ಇನ್ನೊಂದರ ಅಂತ್ಯಸ್ವರವನ್ನು ನಿಯಂತ್ರಿಸುತ್ತದೆ ಎಂಬ ತತ್ತ್ವದ ಮೇಲೆ. ನಿಯಂತ್ರಿಸುವುದು ಆಮಿಲ್, ನಿಯಂತ್ರಿತವಾದುದು ಮಅಮೂಲ್, ಆ ವ್ಯಾಪಾರ ಅಮಲ್. 'ಫಿಲ್ ಬೈತಿ' (ಮನೆಯಲ್ಲಿ) ಎಂಬಲ್ಲಿ 'ಫೀ' ಎಂಬ ಅವ್ಯಯ ಆಮಿಲ್. ಅದರ ದೆಸೆಯಿಂದ ಇಕಾರಾಂತವಾದ 'ಬೈತಿ' ಮಅಮೂಲ್. 11ನೆಯ ಶತಮಾನದ ಅಬ್ದುಲ್ ಕಾಹಿರ್ ಜುರ್ಜಾನಿ ಇಂಥ ಆಮಿಲ್‌ಗಳನ್ನು ನೂರೆಂದು ಎಣಿಸಿ ಬರೆದ ಪುಟ್ಟ ಗ್ರಂಥ ಭಾರತದ ಮದರಸಗಳಲ್ಲಿ ವ್ಯಾಖ್ಯಾನದೊಡನೆ ಪಾಠವಾಗುತ್ತ ಬಂದಿದೆ. ಕನ್ನಡದಲ್ಲಿ ಈ ಪದ ವಾಡಿಕೆ ಎಂಬ ಅರ್ಥಕ್ಕೆ ತಿರುಗಿ, ಅಲ್ಲಿಂದ ಕಚೇರಿಯ ಲಂಚಕ್ಕೂ ಇಳಿದುದು ಬೇರೆಯೇ ಚರಿತ್ರೆ.

ಈ ವ್ಯಾಕರಣವನ್ನು ಕಲಿಸುವ ಸ್ಥಳಗಳು ದೂರದಲ್ಲಿಲ್ಲ. ಉತ್ತರ ಬೆಂಗಳೂರಿನಲ್ಲಿಯೇ, ನಾಗವಾರದ ಬಳಿ, 1960ರಲ್ಲಿ ಸ್ಥಾಪಿತವಾದ ದಾರುಲ್ ಉಲೂಮ್ ಸಬೀಲುರ್ ರಶಾದ್ ಇದೆ. ಸುತ್ತಲಿನ ಪ್ರದೇಶವನ್ನು ಜನ 'ಅರೇಬಿಕ್ ಕಾಲೇಜು' ಎಂದೇ ಕರೆಯುತ್ತಾರೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿಯೂ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿಯೂ ಅರಬ್ಬೀ ವಿಭಾಗಗಳಿವೆ. ಆದರೂ ಕನ್ನಡಕ್ಕೆ ಅರಬ್ಬೀ ಸಾಹಿತ್ಯ ಹೆಚ್ಚಾಗಿ ಇಂಗ್ಲಿಷಿನ ಬಾಗಿಲಿನಿಂದಲೇ ಬಂದಿದೆ. ಸಾವಿರದೊಂದು ರಾತ್ರಿಗಳ ಕಥೆಗಳನ್ನು ನಾವು 'ಅರೇಬಿಯನ್ ನೈಟ್ಸ್' ಎಂದೇ ಕರೆಯುತ್ತಿರುವುದು ಇದಕ್ಕೆ ಸಾಕಷ್ಟು ಸಾಕ್ಷಿ. (ಧಾರ್ಮಿಕ ಗ್ರಂಥಗಳ ಅನುವಾದದ ಸಮಸ್ಯೆಗಳು ಬೇರೆ, ಅವನ್ನು ಇಲ್ಲಿ ಎತ್ತಿಕೊಂಡಿಲ್ಲ.)

ಈ ಸುತ್ತುದಾರಿಯಲ್ಲಿ ಆಗುವ ನಷ್ಟ ವಾಕ್ಯದ ಮಟ್ಟದ್ದು. 'ಅಲ್ ಬೈತು ಕಬೀರುನ್' ಎಂಬ ವಾಕ್ಯದಲ್ಲಿ ಕ್ರಿಯಾಪದವಿಲ್ಲ. 'ಮನೆ ದೊಡ್ಡದು' ಎಂಬಲ್ಲಿಯೂ ಇಲ್ಲ. ಮಧ್ಯದಲ್ಲಿ ಇಂಗ್ಲಿಷ್ ನಿಂತಾಗ ಅದರ 'ಈಸ್' ಕನ್ನಡಕ್ಕೂ ಅಂಟಿಕೊಂಡು 'ಮನೆ ದೊಡ್ಡದಾಗಿದೆ' ಎಂದಾಗುತ್ತದೆ. ಮೂಲದಲ್ಲಿಯೂ ಇಲ್ಲದ, ಕನ್ನಡಕ್ಕೂ ಬೇಡವಾದ ಕ್ರಿಯಾಪದವೊಂದು ಪುಟಪುಟಕ್ಕೂ ಸೇರುತ್ತದೆ. ಇನ್ನೊಂದು ಸಾಮ್ಯವೂ ಉಂಟು. ಅರಬ್ಬೀಯಲ್ಲಿ ವಿವೇಕವುಳ್ಳವರು, ಇಲ್ಲದವು ಎಂಬ ಭೇದವಿದೆ. ಪ್ರಾಣಿ ಮತ್ತು ವಸ್ತುಗಳ ಬಹುವಚನಕ್ಕೆ ಸ್ತ್ರೀಲಿಂಗದ ಏಕವಚನದ ಆಖ್ಯಾತ ಹತ್ತುತ್ತದೆ. 'ಹಸುಗಳು ಬಂತು', 'ಮರಗಳು ಬಿತ್ತು' ಎಂಬ ಆಡುಗನ್ನಡದ ಬಳಕೆಯನ್ನು ಅರಿತವರಿಗೆ ಈ ನಿಯಮ ವಿಚಿತ್ರವೆನಿಸದು. ಇಂಗ್ಲಿಷಿನಲ್ಲಿ ಈ ಭೇದಕ್ಕೆ ಎಡೆಯೇ ಇಲ್ಲ.

ಎಲ್ಲವೂ ಹೀಗೆ ಹೊಂದುವುದಿಲ್ಲ. ನಿಘಂಟನ್ನು ನೋಡುವುದಕ್ಕೂ ವ್ಯಾಕರಣ ತಿಳಿದಿರಬೇಕು. ಹಾನ್ಸ್ ವೆಹ್ರ್‌ನ ಅರಬ್ಬೀ ನಿಘಂಟು (ಜರ್ಮನ್ 1952, ಇಂಗ್ಲಿಷ್ 1961) ಧಾತುಕ್ರಮದಲ್ಲಿದೆ. ಕನ್ನಡದ 'ತಾಲೀಮು' ಪದದ ಮೂಲವಾದ 'ತಅಲೀಮ್' ಅಲ್ಲಿ ತಕಾರದಲ್ಲಿ ಸಿಗದು. ಅರಿವೆಂಬರ್ಥದ ಅ-ಲ-ಮ ಧಾತುವಿನ ಕೆಳಗೆ ಹುಡುಕಬೇಕು. ಅಲ್ಲಿ 'ಅಲಿಮ' ಎಂದರೆ ತಿಳಿದನು, ದ್ವಿತ್ವದ 'ಅಲ್ಲಮ' ಎಂದರೆ ತಿಳಿಸಿದನು. ಕನ್ನಡ 'ಇಸು' ಪ್ರತ್ಯಯದಿಂದ ಮಾಡುವುದನ್ನು ಅರಬ್ಬೀ ಧಾತುವಿನ ಒಳಗೇ ಮಾಡುತ್ತದೆ. ದ್ವಿವಚನದ ತೊಡಕು ಇದಕ್ಕಿಂತ ಸೂಕ್ಷ್ಮ. ಇಬ್ಬರು ಬಂದರೆಂಬುದನ್ನು ಅರಬ್ಬೀ ಸಂಖ್ಯಾವಾಚಕವಿಲ್ಲದೆ ಪ್ರತ್ಯಯದಿಂದಲೇ ಸೂಚಿಸಬಲ್ಲದು. ಅದನ್ನು ಪ್ರತಿ ಸಲವೂ 'ಇಬ್ಬರೂ' ಎಂದು ತಂದರೆ ಕನ್ನಡ ಭಾರವಾಗುತ್ತದೆ. ಬಿಟ್ಟರೆ ಸಂಭಾಷಣೆಯಲ್ಲಿ 'ನೀವು' ಎಂದು ಸಂಬೋಧಿಸಿದುದು ಒಬ್ಬ ಹಿರಿಯರನ್ನೋ, ಇಬ್ಬರನ್ನೋ, ಗುಂಪನ್ನೋ ತಿಳಿಯದೆ ಹೋಗುತ್ತದೆ. ಇಂಗ್ಲಿಷ್ ಅನುವಾದವನ್ನು ಮಾತ್ರ ಮುಂದಿಟ್ಟುಕೊಂಡವರಿಗೆ ಅಲ್ಲೊಂದು ಆಯ್ಕೆ ಇತ್ತೆಂಬುದೇ ಕಾಣುವುದಿಲ್ಲ.